ವಾಸಿಯಾಗಿದ್ದ ಕಾಲು

ಚಿಕ್ಕತಾಯಕ್ಕ, ನಿಂಗಯ್ಯಣ್ಣನ ಕಾಲಿನ ನರ ಹರಿದ ದಿನ ನನ್ನ ಕಾಲಿನಲ್ಲಿ ನೋವಿರಲಿಲ್ಲ.

ನೋವು ಹೋಗಿ ಆಗಲೇ ಇಪ್ಪತ್ತು ದಿನವಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವರ ಎದುರಿಗೆ ಕುಂಟಿದೆ. ನಾನು ಓಡಬೇಕಾಗಿದ್ದ ದಾರಿಯನ್ನು ಅವರಿಂದ ಓಡಿಸಿದೆ. ಅವರ ಕಾಲು ಹೋದದ್ದನ್ನು ನೀವು ಹಣೆಬರಹ ಎನ್ನುತ್ತೀರಿ. ಆ ಮಾತು ಕೇಳಿಕೊಂಡು ಹದಿನೆಂಟು ವರ್ಷ ನಿಮ್ಮೆದುರು ತಲೆಯಾಡಿಸಿದ್ದೇನೆ.

ನೀವು ಓದು ಬಲ್ಲವರಲ್ಲ. ಇದನ್ನು ನಾನೇ ತಂದು ನಿಮಗೆ ಓದಿ ಹೇಳಬೇಕೆಂದು ಬರೆಯುತ್ತಿದ್ದೇನೆ. ಬರೀ ಬಾಯಲ್ಲಿ ಹೇಳುತ್ತೇನೆಂದು ಹೊರಟರೆ, ನಿಮ್ಮ ಮುಖ ಕಂಡೊಡನೆ ಮಾತು ಬೇರೆ ಕಡೆಗೆ ಹೊರಳುತ್ತದೆ — ಹಿಂದೆ ನಾಲ್ಕು ಸಲ ಹಾಗಾಗಿದೆ. ಮಳೆ ಬೆಳೆ ಮಾತಾಡಿ, ನೀವು ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದಿದ್ದೇನೆ. ಕಾಗದದಲ್ಲಿದ್ದರೆ ಬದಲಾಯಿಸಲಾರೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ. ನಿಮ್ಮ ಮಕ್ಕಳೂ ಪಕ್ಕದಲ್ಲಿ ಕುಳಿತು ಕೇಳಲಿ. ಆಗ ಅವರಿನ್ನೂ ಚಿಕ್ಕವರು, ಏನು ನಡೆಯಿತೆಂದು ಅವರಿಗೆ ತಿಳಿಯದು.

ನಂಜನಗೂಡಿಗೆ ರೈಲಿನಲ್ಲಿ ಬಂದ ಟಪಾಲನ್ನು ನರಸೀಪುರಕ್ಕೆ ಹೊತ್ತು ಓಡುವುದು ನಮ್ಮಿಬ್ಬರ ಕೆಲಸ. ಒಟ್ಟು ಐದು ಹರದಾರಿ, ಅಂದರೆ ಹದಿನೈದು ಮೈಲಿ. ಅರ್ಧ ದಾರಿಯಲ್ಲಿ ಒಂದು ಹಳೆಯ ಕಲ್ಲುಮಂಟಪ. ನಾನು ನಂಜನಗೂಡಿನ ಚೀಲ ಹೊತ್ತು ಮಂಟಪದವರೆಗೆ ಓಡಬೇಕು. ನಿಂಗಯ್ಯಣ್ಣ ನರಸೀಪುರದ ಚೀಲ ಹೊತ್ತು ಆ ಕಡೆಯಿಂದ ಅಲ್ಲಿಗೆ ಬರಬೇಕು. ಚೀಲಗಳನ್ನು ಅದಲುಬದಲು ಮಾಡಿಕೊಂಡು ಇಬ್ಬರೂ ಬಂದ ದಾರಿಯಲ್ಲೇ ಹಿಂದಕ್ಕೆ ಓಡಬೇಕು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಅದರ ಸದ್ದಿಗೆ ಗಾಡಿಯವರು ದಾರಿ ಬಿಡುತ್ತಿದ್ದರು, ಹಾವು ಹುಳು ಸರಿದುಹೋಗುತ್ತಿದ್ದವು.

ನನಗೆ ಆ ಕೆಲಸ ಸಿಕ್ಕಿದ್ದೇ ನನ್ನ ಮುಂಚೆ ಇದ್ದವನ ಕಾಲು ಹೋಗಿದ್ದರಿಂದ. ಹಿಮ್ಮಡಿಯಿಂದ ಮೀನಖಂಡಕ್ಕೆ ಹೋಗುವ ದಪ್ಪ ನರವಿದೆಯಲ್ಲ, ಅವನಿಗೆ ಅದು ಓಡುತ್ತಿದ್ದಾಗಲೇ ಹರಿದಿತ್ತಂತೆ. ನಾನು ಕೆಲಸಕ್ಕೆ ಸೇರಿದಾಗ ಅವನು ನಂಜನಗೂಡಿನ ಸ್ನಾನಘಟ್ಟದ ಹತ್ತಿರ ವೀಳ್ಯದೆಲೆ ಮಾರುತ್ತ ಕುಳಿತಿರುತ್ತಿದ್ದ. ಎದ್ದು ನಡೆದರೆ ಆ ಪಾದ ಧಪ್ ಎಂದು ನೆಲಕ್ಕೆ ಬೀಳುತ್ತಿತ್ತು — ಬಂಡೆಯ ಮೇಲೆ ಒದ್ದೆ ಬಟ್ಟೆ ಎಸೆದ ಹಾಗೆ. ನನಗೆ ಆಗ ಇಪ್ಪತ್ತೆರಡು. ಆ ಕಡೆ ನೋಡದೆ ಹೋಗುತ್ತಿದ್ದೆ. ಆದರೆ ಕಿವಿಯನ್ನು ಮುಚ್ಚಿಕೊಳ್ಳುವುದು ಹೇಗೆ?

ಮೂರನೆಯ ವರ್ಷ ನನಗೂ ನೋವು ಶುರುವಾಯಿತು. ಮೊದಮೊದಲು ಬೆಳಗಿನ ಹೊತ್ತು ಮಾತ್ರ. ಚಾಪೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದರೆ ಸಡಿಲವಾಗುತ್ತಿತ್ತು. ಅರ್ಧ ಹರದಾರಿ ಓಡಿದ ಮೇಲೆ ಮರೆತೇಹೋಗುತ್ತಿತ್ತು. ವಾಸಿಯಾಯಿತು ಎಂದುಕೊಂಡು ಇನ್ನಷ್ಟು ಜೋರಾಗಿ ಓಡುತ್ತಿದ್ದೆ; ಮಾರನೆಯ ಬೆಳಗ್ಗೆ ನೋವು ಎರಡರಷ್ಟು. ಕೊನೆಗೆ ಹಿಮ್ಮಡಿಯಿಂದ ಎರಡು ಬೆರಳು ಮೇಲೆ, ನರದ ಮೇಲೆ ಒಂದು ಗಂಟು ಎದ್ದಿತು. ಬೆರಳಲ್ಲಿ ಹಿಸುಕಿದರೆ ಕಣ್ಣಲ್ಲಿ ನೀರು. ಪಾದ ಆಡಿಸಿದರೆ ಒಳಗೆ ಹೊಸ ಮೆಟ್ಟಿನ ತೊಗಲಿನ ಹಾಗೆ ಕಿರಕಿರ.

ಯಾರಿಗೂ ಹೇಳಲಿಲ್ಲ. ಅಂಚೆ ಮಾಸ್ತರಿಗೆ ತಿಳಿದರೆ ಆ ಚೀಲ ಇನ್ನೊಬ್ಬನ ಹೆಗಲಿಗೆ. ದಿನಾ ಬೆಳಗ್ಗೆ ಎಚ್ಚರವಾದ ಮೇಲೂ ಕಾಲು ನೆಲಕ್ಕೆ ಇಡದೆ ಹಾಗೇ ಮಲಗಿರುತ್ತಿದ್ದೆ. ಇವತ್ತೇ ಹರಿಯುತ್ತದೆ — ಇವತ್ತೇ — ಎಂದುಕೊಳ್ಳುತ್ತಿದ್ದೆ.

ನಿಂಗಯ್ಯಣ್ಣ ಅದನ್ನು ಕಂಡುಹಿಡಿದದ್ದು ಕಣ್ಣಿನಿಂದಲ್ಲ, ಕಿವಿಯಿಂದ.

"ನಿನ್ ಗೆಜ್ಜೆ ಕುಂಟ್ತಾ ಅದೆ ಕಣ್ಲಾ ಮಾದ," ಎಂದರು ಒಂದು ದಿನ ಮಂಟಪದಲ್ಲಿ. "ಒಂದ್ ಸದ್ದು ದೊಡ್ದು, ಒಂದ್ ಸದ್ದು ಚಿಕ್ದು. ಎಲ್ಲಿ, ಕಾಲ್ ತೋರ್ಸು."

"ಏನಿಲ್ಲ ಅಣ್ಣ."

"ತೋರ್ಸು ಅಂದೆ."

ಗಂಟನ್ನು ಮುಟ್ಟಿ ನೋಡಿದರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ನಿನ್ ವಯಸ್ನಲ್ಲಿ ನಂಗೂ ಬಂದಿತ್ತು," ಎಂದರು. "ಪೂರಾ ಕುಂತ್ರೂ ಕೆಡ್ತದೆ, ಅಟ ಮಾಡಿ ಓಡುದ್ರೂ ಕೆಡ್ತದೆ. ಎಳೇ ಕರ ಸಾಕ್ದಂಗೆ ಸಾಕ್ಬೇಕು ಇದನ್ನ."

ಅವತ್ತೇ ಮಂಟಪದ ಮೆಟ್ಟಿಲಿನ ಅಂಚಿನಲ್ಲಿ ನನ್ನನ್ನು ಕಾಲ್ಬೆರಳ ಮೇಲೆ ನಿಲ್ಲಿಸಿದರು. ಎರಡೂ ಕಾಲಲ್ಲಿ ಮೇಲೇಳಬೇಕು. ಆಮೇಲೆ ನೋಯುವ ಕಾಲೊಂದರ ಮೇಲೆ ಭಾರ ಬಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಮೆಲ್ಲಗೆ ಇಳಿಸಬೇಕು. "ಬಾವಿಗೆ ಮಡಕೆ ಬಿಟ್ಟಂಗೆ ಇಳ್ಸು. ದಡಾರ್ ಅಂತ ಬಿಡ್ಬ್ಯಾಡ." ನೋಯುತ್ತದಲ್ಲಾ ಅಂದೆ. "ವಸಿ ನೋಯ್ಲಿ. ಮಾರ್ನೇ ದಿನ ಬೆಳಗ್ಗೆ ಜಾಸ್ತಿಯಾದ್ರೆ ಕಮ್ಮಿ ಮಾಡು. ಆಗ್ದಿದ್ರೆ ಅಷ್ಟೇ ಮಾಡ್ಕಂಡು ಓಗು."

ನನ್ನ ಮೆಟ್ಟಿನ ಹಿಮ್ಮಡಿಗೆ ಎರಡು ಪದರ ತೊಗಲು ಹೊಲಿಸಿಕೊಟ್ಟರು. ಉದ್ದುದ್ದ ಹೆಜ್ಜೆ ಬಿಡಿಸಿ ಚಿಕ್ಕ ಹೆಜ್ಜೆ ಕಲಿಸಿದರು. ಚಾಪೆ ಬಿಡುವ ಮುಂಚೆ ಪಾದವನ್ನು ಮುಂದಕ್ಕೆ ಹಿಂದಕ್ಕೆ ಆಡಿಸಬೇಕೆಂದರು. ನೀವು ಬಿದಿರಿನ ಕೊಳವೆಯಲ್ಲಿ ಹರಳೆಣ್ಣೆ ತುಂಬಿ ಕಳಿಸಿದಿರಿ. ಬಿಸಿ ಮಾಡಿ ಹಚ್ಚಿಕೊಳ್ಳಲಿ ಅಂದಿರಂತೆ — ನನ್ನನ್ನು ನೀವು ಆಗಿನ್ನೂ ನೋಡಿಯೂ ಇರಲಿಲ್ಲ.

ಆದರೆ ಓಟ ಕಡಿಮೆ ಮಾಡದೆ ಇದೆಲ್ಲ ನಾಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಟಪಾಲು ನಿಲ್ಲುವ ಹಾಗಿಲ್ಲ. ಮಂಟಪದಿಂದ ನಂಜನಗೂಡಿನ ಕಡೆಗೆ ಒಂದು ಹರದಾರಿ ಬಂದರೆ ದಾರಿ ಪಕ್ಕ ಒಂದು ದೊಡ್ಡ ಹುಣಸೆಮರ.

"ನಾನೇ ಅಲ್ಲೀಗಂಟ ಬತ್ತೀನಿ," ಎಂದರು. "ನೀನು ಅಲ್ಲಿಂದಾಚೆ ಬರ್ಬ್ಯಾಡ. ಒಂದ್ ತಿಂಗ್ಳು, ಒಂದೂವರೆ ತಿಂಗ್ಳು. ವಾಸಿಯಾದ ತಕ್ಷಣ ಯೋಳು, ಅಷ್ಟೇ."

"ಓವರ್ಸೀಯರಿಗೆ ಗೊತ್ತಾದ್ರೆ ಅಣ್ಣ?"

"ಅವ್ರು ಬರೋದು ಯಾವಾಗ್ಲೋ ಒಂದ್ಸಲ. ನೀನ್ಯಾಕ್ ಎದರ್ಕತೀಯ?"

ಅಪ್ಪಣೆಯಿಲ್ಲದೆ ತನ್ನ ಪಾಲಿನ ದಾರಿ ದಾಟುವುದು ತಪ್ಪು. ಅದು ಇಬ್ಬರಿಗೂ ಗೊತ್ತಿತ್ತು. ಅವರಿಗೆ ನಲವತ್ತೈದು ದಾಟಿತ್ತು. ಹೋಗುತ್ತಾ ಒಂದು, ಬರುತ್ತಾ ಒಂದು — ದಿನಕ್ಕೆ ಎರಡು ಹರದಾರಿ ಹೆಚ್ಚಿಗೆ, ಅದೂ ಹೆಗಲ ಮೇಲೆ ಚೀಲ ಹೊತ್ತು. ನಾನು ಒಂದೇ ಒಂದು ಸಲವೂ ಬೇಡ ಅನ್ನಲಿಲ್ಲ.

ಅವರು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದೆ. ನಮ್ಮ ಮನೆಯ ಜಗಲಿಯ ಅಂಚಿನಲ್ಲಿ ನಿಂತು ಬೆಳಗ್ಗೆ ಸಂಜೆ ಹಿಮ್ಮಡಿ ಇಳಿಸಿದೆ. ಎರಡು ವಾರ ಏನೂ ಗೊತ್ತಾಗಲಿಲ್ಲ. ಮೂರನೆಯ ವಾರ ಕಿರಕಿರ ನಿಂತಿತು. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಚಾಪೆಯಿಂದ ಎದ್ದೆ, ನಡೆದೆ, ಹಿತ್ತಲಿಗೆ ಹೋಗಿ ಮುಖ ತೊಳೆದೆ — ಆಮೇಲೆ ನೆನಪಾಯಿತು, ಗೋಡೆ ಹಿಡಿದಿರಲಿಲ್ಲ.

ಗಂಟನ್ನು ಹಿಸುಕಿ ನೋಡಿದೆ. ಇಲ್ಲ. ಒಂಟಿಕಾಲಲ್ಲಿ ಕುಪ್ಪಳಿಸಿದೆ. ಇಲ್ಲ. ಹೊಳೆಯ ದಂಡೆಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಮರಳಿನ ಮೇಲೂ ಗಟ್ಟಿ ನೆಲದ ಮೇಲೂ ಓಡಿದೆ. ಎಲ್ಲೂ ಏನೂ ಇಲ್ಲ.

ಸಂತೋಷವಾಗಬೇಕಿತ್ತು ಅಲ್ಲವೇ? ನನಗೆ ಆಗಿದ್ದು ಭಯ. ನೋವಿದ್ದಾಗ ಎಲ್ಲಿ ಹರಿಯುತ್ತದೋ ಎಂಬ ಭಯವಿತ್ತು. ಹೋದ ಮೇಲೆ, ಮತ್ತೆ ಬರುತ್ತದೋ ಎಂಬ ಭಯ. ಈಗಷ್ಟೇ ಕೂಡಿಕೊಂಡಿರುವ ನರ. ಪೂರಾ ದಾರಿ ಓಡಿದರೆ — ಸ್ನಾನಘಟ್ಟದವನ ಆ ಪಾದ ಕಣ್ಣ ಮುಂದೆ ಬಂತು. ಇನ್ನೊಂದು ವಾರ. ಒಂದೇ ವಾರ ಗಟ್ಟಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಅವತ್ತು ಹುಣಸೆಮರದ ಕೆಳಗೆ ನಿಂಗಯ್ಯಣ್ಣ ಚೀಲ ಇಳಿಸಿ, ಬೆವರು ಒರೆಸಿಕೊಂಡು, ದಿನಾ ಕೇಳುವ ಹಾಗೆ ಕೇಳಿದರು: "ಎಂಗದಲಾ ಕಾಲು?"

"ಇನ್ನೂ ಅದೆ ಅಣ್ಣ."

ಇಷ್ಟೇ. ಮೂರು ಮಾತು. ಹೇಳಿ ಮುಗಿಸುವುದರೊಳಗೆ ನನ್ನ ಬಲಗಾಲು ತಾನಾಗಿಯೇ ಕುಂಟಿತು. ಹೇಗೆ ಕುಂಟಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತಲ್ಲ —

ವಾರ ಕಳೆಯಿತು. ಹೇಳಲಿಲ್ಲ. ಈಗ ಹೇಳಿದರೆ, ಹೋದ ವಾರವೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಒಂದು ಭಯದ ಜೊತೆಗೆ ಇನ್ನೊಂದು ಭಯ ಸೇರಿತು. ಕಾಲಿಗೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದೆ. ನಂಜನಗೂಡಿನಿಂದ ನೆಟ್ಟಗೆ ಓಡಿಬಂದು, ಮರ ಕಾಣುವ ತಿರುವಿನಲ್ಲಿ ಕುಂಟು ಶುರುಮಾಡುತ್ತಿದ್ದೆ.

ಇನ್ನು ನಾನು ಬರೆಯಲು ಹೆದರುವ ಮಾತು. ಚಿಕ್ಕತಾಯಕ್ಕ, ಅವರ ಕಾಲು ಕೆಡುತ್ತಿದ್ದುದು ನನಗೆ ಗೊತ್ತಾಗಲಿಲ್ಲವೆಂದು ತಿಳಿಯಬೇಡಿ. ಗೊತ್ತಾಯಿತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ಮರದ ಕೆಳಗೆ ಕೂತು ಎದ್ದಾಗ ಅವರ ಮೊದಲ ನಾಲ್ಕು ಹೆಜ್ಜೆ ತಡವರಿಸುತ್ತಿದ್ದವು. ಮಾತಾಡುತ್ತಾ ಕೈ ತಾನಾಗಿ ಹಿಮ್ಮಡಿಯ ಹಿಂದಕ್ಕೆ ಹೋಗುತ್ತಿತ್ತು. ಅವರು ಕಣ್ಣಿಗೆ ಬೀಳುವ ಮುಂಚೆಯೇ ಅವರ ಗೆಜ್ಜೆ ಕೇಳುತ್ತಿತ್ತು — ಒಂದು ಸದ್ದು ದೊಡ್ಡದು, ಒಂದು ಸದ್ದು ಚಿಕ್ಕದು.

ಒಂದು ದಿನ ತಡೆಯಲಾರದೆ ಕೇಳಿದೆ, "ಅಣ್ಣ, ನಿನ್ ಕಾಲು ನೋಯ್ತದಾ?"

"ವಸಿ ನೋಯ್ತದೆ. ವಯಸ್ಸಾಗ್ಲಿಲ್ವಾ?" ಎಂದು ನಕ್ಕರು. "ಮೊದ್ಲು ನಿಂದು ವಾಸಿಯಾಗ್ಲಿ ಕಣ್ಲಾ. ಆಮೇಲೆ ನಂದು ನೋಡ್ಕಂಡ್ರಾಯ್ತು."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡು ಚೀಲ ಎತ್ತಿಕೊಂಡೆ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ. ಹಿಂದಿನ ದಿನದ ಮಳೆಗೆ ದಾರಿಯಲ್ಲಿ ಅಡ್ಡಲಾಗಿ ಕೊರಕಲು ಬಿದ್ದಿತ್ತು. ನಾನು ಮರದ ಕೆಳಗೆ ಕುಳಿತು ನೋಡುತ್ತಿದ್ದೆ. ಬಿಸಿಲು ಚೆನ್ನಾಗಿತ್ತು, ನಿಂಗಯ್ಯಣ್ಣ ಮುಖ ಕಾಣುವಷ್ಟು ಹತ್ತಿರ ಬಂದಿದ್ದರು. ಕೊರಕಲು ದಾಟಲು ನೆಗೆದರು. ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ ಒಂದು ಸದ್ದು — ನಾನು ಕುಳಿತಲ್ಲಿಗೂ ಕೇಳಿತು. ಅವರು ಬೀಳಲಿಲ್ಲ. ನಿಂತು, ಗಕ್ಕನೆ ಹಿಂದಿರುಗಿ ನೋಡಿ ಕೂಗಿದರು:

"ಯಾವನ್ಲಾ ಅವ್ನು ಕಾಲ್ಗೆ ವೊಡ್ದೋನು?"

ಹಿಂದೆ ಯಾರೂ ಇರಲಿಲ್ಲ. ಖಾಲಿ ದಾರಿ. ಒಂದು ಹೆಜ್ಜೆ ಇಡಲು ಹೋದರು. ಪಾದ ಮಾತು ಕೇಳಲಿಲ್ಲ. ಆಗ ಮೆಲ್ಲಗೆ ದಾರಿಯ ಮೇಲೆ ಕುಳಿತರು. ನಾನು ಓಡಿಹೋದೆ. ಹಿಮ್ಮಡಿಯ ಮೇಲೆ, ನರವಿರಬೇಕಾದ ಜಾಗದಲ್ಲಿ ಬೆರಳಿಟ್ಟೆ. ಬೆರಳು ಒಳಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಅಕ್ಕ — ಬರೀ ಹಳ್ಳ.

ಅವರು ಅಳಲಿಲ್ಲ. ಬೆವರುತ್ತಿದ್ದರು. ಹಿಂದಿನಿಂದ ಬಂದ ಒಂದು ಗಾಡಿಯವನನ್ನು ನಿಲ್ಲಿಸಿದೆವು. ಅವನು ನಂಜನಗೂಡಿಗೆ ಹೋಗುವವನು. ಅವರನ್ನೂ ನರಸೀಪುರದ ಚೀಲವನ್ನೂ ಹತ್ತಿಸಿಕೊಂಡ. ನಂಜನಗೂಡಿನ ಚೀಲ ನೆಲದ ಮೇಲೇ ಉಳಿಯಿತು.

"ಇದು ನರಸೀಪುರಕ್ಕೆ ಓಗ್ಲೇಬೇಕಲ್ಲ ಮಾದ," ಎಂದರು ಗಾಡಿಯಿಂದ. "ನಿನ್ ಕಾಲ್ನಾಗೆ ಆಗ್ತದೇನಪ್ಪಾ? ಬ್ಯಾಡ ಅಂದ್ರೆ ಬ್ಯಾಡ. ನಿಂದೂ ಅರ್ಕಂಡ್ರೆ ಏನ್ ಗತಿ?"

ಆ ಸ್ಥಿತಿಯಲ್ಲೂ ಅವರು ಕೇಳಿದ್ದು ನನ್ನ ಕಾಲನ್ನು.

ನಾನು ಚೀಲ ಹೆಗಲಿಗೇರಿಸಿ ಓಡಿದೆ. ಅವರ ಮುಖದಿಂದ ದೂರ ಹೋದರೆ ಸಾಕಾಗಿತ್ತು. ಕೊರಕಲನ್ನು ಒಂದೇ ನೆಗೆತಕ್ಕೆ ದಾಟಿದೆ. ಐವತ್ತು ಅರವತ್ತು ಮಾರು ನೆಟ್ಟಗೆ ಓಡಿದ ಮೇಲೆ ಜ್ಞಾಪಕವಾಯಿತು — ಅವರು ಹಿಂದಿನಿಂದ ನೋಡುತ್ತಿರಬಹುದು. ಆಗ ನಾನು ಏನು ಮಾಡಿದೆ ಗೊತ್ತೇ? ಕುಂಟಿದೆ. ಹರಿದ ಕಾಲಿನ ಮನುಷ್ಯ ಗಾಡಿಯಲ್ಲಿ ಕುಳಿತು ನೋಡುತ್ತಿರುವಾಗ, ಅವರಿಗೆ ಕಾಣಲಿ ಎಂದು, ನಾಲ್ಕು ಹೆಜ್ಜೆ ಕುಂಟಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಹೇಯವಾದದ್ದನ್ನು ನಾನು ಮಾಡಿಲ್ಲ. ತಿರುವು ದಾಟಿದ ಮೇಲೆ ಮತ್ತೆ ನೆಟ್ಟಗೆ ಓಡಿದೆ. ನರಸೀಪುರದವರೆಗೆ ನಿಲ್ಲಲಿಲ್ಲ. ಕಾಲು ಎಲ್ಲೂ ನೋಯಲಿಲ್ಲ. ನೋಯಲಿ, ಹರಿಯಲಿ ಎಂದು ಬೇಡಿಕೊಂಡರೂ ನೋಯಲಿಲ್ಲ.

ಅವತ್ತು ಸಂಜೆ ನಿಮ್ಮ ಮನೆಗೆ ಬಂದು ಸುದ್ದಿ ಹೇಳಿದವನು ನಾನೇ. ನೀವು ನನ್ನನ್ನು ಮೊದಲ ಸಲ ನೋಡಿದ್ದು ಆಗಲೇ. ಒಂದೇ ಒಂದು ಮಾತು ಕೇಳಿದಿರಿ: "ನೋಯೋ ಕಾಲ್ನಾಗೆ ಇಲ್ಲೀಗಂಟ ಬಂದ್ಯೇನಪ್ಪಾ?" ನಾನು ಹೌದು ಅಂದೆ.

ವಾರದ ಮೇಲೆ ಓವರ್ಸೀಯರು ವಿಚಾರಣೆಗೆ ಬಂದರು. ನಂಜನಗೂಡಿನ ಛತ್ರದ ಜಗಲಿಯಲ್ಲಿ ನಿಂಗಯ್ಯಣ್ಣ ಕಾಲು ಚಾಚಿ ಕುಳಿತಿದ್ದರು, ನಾನು ಕಂಬದ ಪಕ್ಕ ನಿಂತಿದ್ದೆ. ಮಂಟಪದಿಂದ ಒಂದು ಹರದಾರಿ ಈಚೆಗೆ ನೀನೇಕೆ ಬಂದಿದ್ದೆ ಎಂದು ಓವರ್ಸೀಯರು ನಿಂಗಯ್ಯಣ್ಣನನ್ನು ಕೇಳಿದರು. ನಾನು ಕಂಬ ಹಿಡಿದುಕೊಂಡೆ. ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ —

"ನಾನೇ ಬಂದಿದ್ದೆ ಸಾ. ಒತ್ಗೆ ಮೊದ್ಲೇ ಬಂದ್ಬುಟ್ಟಿದ್ದೆ, ಸುಮ್ಕೆ ಕುಂತಿರೋದ್ಯಾಕೆ ಅಂತ ಮುಂದ್ಕೆ ಬಂದೆ. ಇವ್ನುದೇನಿಲ್ಲ."

ಅಪ್ಪಣೆಯಿಲ್ಲದೆ ತನ್ನ ದಾರಿ ಬಿಟ್ಟು ಬಂದವನಿಗೆ ಸರ್ಕಾರದಿಂದ ಏನೂ ಸಿಗುವುದಿಲ್ಲ ಎಂದು ಬರೆದುಕೊಂಡು ಓವರ್ಸೀಯರು ಹೋದರು. ಕಾಲಿನ ಜೊತೆ ಕೆಲಸವೂ ಹೋಯಿತು, ಪರಿಹಾರವೂ ಹೋಯಿತು. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಿಮಗೆ ಏನಾದರೂ ಸಿಗುತ್ತಿತ್ತೋ ಇಲ್ಲವೋ ತಿಳಿಯದು. ತಿಳಿಯುವುದಕ್ಕೆ ಬಾಯಿ ಬಿಡಬೇಕಿತ್ತು.

ಮುಂದೆ ನೀವು ಪಟ್ಟ ಪಾಡು ನಿಮಗೇ ಗೊತ್ತು. ಕಂಡವರ ಗದ್ದೆಗೆ ಕಳೆ ಕೀಳಲು ಹೋದಿರಿ. ಅವರು ಮನೆಯಲ್ಲಿ ಕುಳಿತು ಹಗ್ಗ ಹೊಸೆದರು. ನಾನು ಓಡುತ್ತಾ ಹೋದೆ. ಅಂಚೆ ಮಾಸ್ತರ ದಯೆಯಿಂದ ಅಕ್ಷರ ಕಲಿತೆ; ಈಗ ಕಚೇರಿಯಲ್ಲೇ ಕುಳಿತು ಕಾಗದ ಬೇರೆ ಮಾಡುವ ಕೆಲಸ. ಹೊಸ ಓಟದವರ ಕಾಲು ನೋಯತೊಡಗಿದರೆ ಮೆಟ್ಟಿಲ ಅಂಚಿನಲ್ಲಿ ನಿಲ್ಲಿಸಿ ಹಿಮ್ಮಡಿ ಇಳಿಸುವುದನ್ನು ಹೇಳಿಕೊಡುತ್ತೇನೆ. ಎಷ್ಟೋ ಜನಕ್ಕೆ ವಾಸಿಯಾಗಿದೆ. ಅವರು ಅದನ್ನು ಮಾದಯ್ಯನ ಮದ್ದು ಎನ್ನುತ್ತಾರೆ. ಅದನ್ನೂ ನಾನು ತಿದ್ದಲಿಲ್ಲ.

ನಿಂಗಯ್ಯಣ್ಣನಿಗೆ ಗೊತ್ತಿತ್ತೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೋದ ವರ್ಷ, ಅವರು ಹಾಸಿಗೆ ಹಿಡಿದಾಗ ನೋಡಲು ಬಂದಿದ್ದೆನಲ್ಲ. ನೀವು ನೀರು ತರಲು ಹೊರಗೆ ಹೋಗಿದ್ದಿರಿ. ಅವರು ಸೂರು ನೋಡುತ್ತಾ ಹೇಳಿದರು: "ಅವತ್ತು ನೀನು ಚೆಂದಾಗ್ ಓಡ್ದೆ ಕಣ್ಲಾ ಮಾದ."

ಹೊಗಳಿದರೋ, ತೀರ್ಪು ಹೇಳಿದರೋ! ಯಾವತ್ತು ಅಣ್ಣ ಎಂದು ಕೇಳುವ ಧೈರ್ಯ ಬರಲಿಲ್ಲ. ನೀವು ಬಿಂದಿಗೆ ಹೊತ್ತು ಒಳಗೆ ಬಂದಿರಿ. ನನಗೆ ಜೀವ ಬಂದಂತಾಯಿತು. ಅದಾದ ಎಂಟನೆಯ ದಿನ ಅವರು ಹೋದರು.

ತಿಥಿಯ ದಿನ ಎಲೆಯ ಮುಂದೆ ಕುಳಿತಿದ್ದವರೆಲ್ಲರ ಎದುರು ನೀವು ಹೇಳಿದಿರಿ — "ನನ್ ಗಂಡುನ್ ಕಾಲು ಓದ್ರೂ ಓಗ್ಲಿ, ಇವ್ನ್ ಕಾಲು ಉಳೀತಲ್ಲ. ಅದೇ ನಂಗ್ ಸಮಾಧಾನ." ಹೇಳಿ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಿರಿ. ನಾನು ಅದನ್ನು ತಿಂದೆ.

ನಿಮ್ಮ ಆ ಸಮಾಧಾನ ಸುಳ್ಳು, ಅಕ್ಕ. ಅವರ ಕಾಲು ಹೋಗದಿದ್ದರೂ ನನ್ನ ಕಾಲು ಉಳಿದೇ ಇತ್ತು. ಇದನ್ನು ಹೇಳಿ ನಿಮ್ಮ ಕೈಯಲ್ಲಿ ಉಳಿದಿರುವ ಒಂದನ್ನೂ ಕಿತ್ತುಕೊಳ್ಳುತ್ತಿದ್ದೇನೆಯೇ ಎಂದು ಎಷ್ಟೋ ದಿನ ಯೋಚಿಸಿದೆ. ಆ ಯೋಚನೆಯೂ ತಪ್ಪಿಸಿಕೊಳ್ಳುವ ಉಪಾಯವೇ. ನಾನು ಹುಡುಗನಾಗಿದ್ದೆ, ಹೆದರಿದ್ದೆ — ನಿಜ. ನಿಂಗಯ್ಯಣ್ಣನಿಗೂ ಹೆದರಿಕೆ ಇದ್ದಿರಬೇಕು. ಅವರು ಓಡಿದರು.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುವವರು ನೀವು; ಅದೇ ನನಗೆ ಭಯ. ನಾಡಿದ್ದು ಸೋಮವಾರ ಬೆಳಗ್ಗೆ ಹೊರಡುತ್ತೇನೆ. ದಾರಿಯಲ್ಲಿ ಹಿಂದಿರುಗಿಬಿಟ್ಟೇನೆಂದು, ಬರುತ್ತಿದ್ದೇನೆ, ಮಕ್ಕಳನ್ನೂ ಮನೆಯಲ್ಲೇ ಇರಿಸಿಕೊಳ್ಳಿ ಎಂದು ನಿಮ್ಮೂರ ಗಾಡಿಯವನ ಕೈಲಿ ಇವತ್ತೇ ಹೇಳಿ ಕಳಿಸಿದ್ದೇನೆ. ಅವನು ಆಗಲೇ ಹೊರಟುಹೋದ. ಇನ್ನು ನಾನು ಬಂದೇ ತೀರಬೇಕು. ಬಾಗಿಲ ಹೊರಗೆ ನಿಂತೇ ಓದುತ್ತೇನೆ. ಓದಿ ಮುಗಿಯುವವರೆಗೆ ನನಗೆ ನೀರು ಕೊಡಬೇಡಿ.